ಚೆಂಡೆಯ ನಡುವೆ ನಿದ್ದೆ, ಪೆನ್ನಿನ ಟಕ್ ಟಕ್‌ಗೆ ಸಿಟ್ಟು

ಜೂನ್ ಕೊನೆಯ ಒಂದು ಮಧ್ಯಾಹ್ನ. ಮಂಗಳೂರಿನ ಬಿಜೈ ಕಡೆ ಇರುವ ನಮ್ಮ ಕಚೇರಿಯ ಕಿಟಕಿಗಳಿಗೆ ಮಳೆ ಬಡಿಯುತ್ತಿತ್ತು. ಎದುರಿನ ಕಟ್ಟಡವೂ ಕಾಣದಷ್ಟು ಜೋರು ಮಳೆ. ನಾನು ತಿಂಗಳ ಜಿಎಸ್‌ಟಿ ಲೆಕ್ಕ ತಾಳೆ ನೋಡುತ್ತಿದ್ದೆ. ಒಂದೂವರೆ ಗಂಟೆ ತಲೆ ಎತ್ತದೆ ಕೆಲಸ ಸಾಗಿತು. ಆಮೇಲೆ ಮಳೆ ನಿಂತಿತು. ನಿಂತ ಕೂಡಲೇ ಕೇಳಿಸಿತು: ಟಕ್. ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್.

ಪಕ್ಕದ ಮೇಜಿನ ಸಹೋದ್ಯೋಗಿಯ ಬಾಲ್‌ಪೆನ್. ಯೋಚನೆ ಮಾಡುವಾಗ ಅದರ ಗುಂಡಿ ಒತ್ತುವುದು ಅವರ ಅಭ್ಯಾಸ. ಮಳೆ ಬರುವಾಗಲೂ ಒತ್ತುತ್ತಲೇ ಇದ್ದಿರಬೇಕು, ನನಗೆ ಕೇಳಿರಲಿಲ್ಲ ಅಷ್ಟೇ. ಮುಂದಿನ ಹತ್ತು ನಿಮಿಷದಲ್ಲಿ ಒಂದೇ ಬಿಲ್ಲನ್ನು ಮೂರು ಸಲ ನೋಡಿದೆ. ಭುಜ ಬಿಗಿಯಾಗಿತ್ತು. ಒಳ್ಳೆಯ ಮನುಷ್ಯ ಅವರು. ನನಗೆ ಜ್ವರ ಬಂದಾಗ ನನ್ನ ಕೆಲಸವನ್ನೂ ಮಾಡಿಕೊಟ್ಟವರು. ಅಂಥವರ ಮೇಲೆ ಒಂದು ಪೆನ್ನಿನ ಸದ್ದಿಗಾಗಿ ಇಷ್ಟು ಸಿಟ್ಟು ಬರುವುದು ನನಗೇ ಸರಿ ಕಾಣಲಿಲ್ಲ.

ಮಳೆಯ ಸದ್ದು ಪೆನ್ನಿನ ಸದ್ದಿಗಿಂತ ಎಷ್ಟೋ ಪಾಲು ದೊಡ್ಡದು. ಆ ದೊಡ್ಡ ಸದ್ದು ನನ್ನನ್ನು ನೆಮ್ಮದಿಯಿಂದ ಇರಲು ಬಿಟ್ಟಿತ್ತು. ಈ ಸಣ್ಣದು ಬಿಡಲಿಲ್ಲ. ಯಾಕೆ?

ಚಿಕ್ಕವಳಿದ್ದಾಗ ನಮ್ಮೂರಿನ ಗದ್ದೆಯಲ್ಲಿ ಬಯಲಾಟ ಆಗುತ್ತಿತ್ತು. ಅಜ್ಜಿ ಚಾಪೆ ಹಾಸುತ್ತಿದ್ದರು, ಅದರ ಮೇಲೆ ನಾವು ಮಕ್ಕಳು. ಚೆಂಡೆಯ ಪೆಟ್ಟು ಎದೆಗೇ ಬಂದು ತಾಗುತ್ತದೆ, ಎದುರು ಕೂತು ನೋಡಿದವರಿಗೆ ಗೊತ್ತು. ಆದರೂ ನಡುರಾತ್ರಿ ಆಗುವಷ್ಟರಲ್ಲಿ ನಾವೆಲ್ಲ ಒಳ್ಳೆಯ ನಿದ್ದೆಯಲ್ಲಿ ಇರುತ್ತಿದ್ದೆವು. ನನಗೆ ಎಚ್ಚರ ಆಗುತ್ತಿದ್ದದ್ದು ಚೆಂಡೆ ನಿಂತು ವೇಷಧಾರಿ ಮಾತು ಶುರು ಮಾಡಿದಾಗ.

ಅಂದರೆ ಕಿರಿಕಿರಿಯನ್ನು ಡೆಸಿಬಲ್‌ನಲ್ಲಿ ಅಳೆಯಲು ಹೋದರೆ ಲೆಕ್ಕ ತಪ್ಪುತ್ತದೆ. ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬಲ್. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮ ವಾಣಿಜ್ಯ ಪ್ರದೇಶಕ್ಕೆ ಹಗಲು ಹೊತ್ತು 65 ಡೆಸಿಬಲ್‌ವರೆಗೆ ಅವಕಾಶ ಕೊಡುತ್ತದೆ. ಪಕ್ಕದವರ ಹರಟೆಗೆ ಆ ನಿಯಮ ಏನೂ ಮಾಡಲಾರದು.

ನಮ್ಮ ಕಡೆಯ ತೋಟದ ಮನೆಯ ನಾಯಿಯನ್ನು ನೆನಪು ಮಾಡಿಕೊಳ್ಳಿ. ತೆಂಗಿನ ಮಡಲು ಧೊಪ್ಪೆಂದು ಬಿದ್ದರೂ ಅದು ಕಣ್ಣು ತೆರೆಯುವುದಿಲ್ಲ. ಅಂಗಳದಾಚೆ ಗೊತ್ತಿಲ್ಲದ ಒಂದು ಹೆಜ್ಜೆ ಸದ್ದು ಬಂದರೆ ಸಾಕು, ಎದ್ದು ನಿಲ್ಲುತ್ತದೆ. ನಮ್ಮ ಮಿದುಳಿನ ಕೇಳುವ ಭಾಗವೂ ಹಾಗೇ ಕೆಲಸ ಮಾಡುತ್ತದೆ. ಒಂದೇ ಸಮ ಬರುವ ಸದ್ದನ್ನು ಅದು ಬೇಗ ಕೈಬಿಡುತ್ತದೆ. ಬದಲಾಗುವ ಸದ್ದನ್ನು ಮತ್ತೆ ಮತ್ತೆ ಪರೀಕ್ಷೆ ಮಾಡುತ್ತದೆ. ಫ್ಯಾನ್ ಒಂದೇ ಸಮ ತಿರುಗುತ್ತದೆ, ಪೆನ್ ಯಾವಾಗ ಟಕ್ ಎನ್ನುತ್ತದೆ ಎಂದು ಗೊತ್ತಿಲ್ಲ. ಮುಂದಿನ ಟಕ್‌ಗೆ ಕಾಯುವುದೇ ಒಂದು ಕೆಲಸ ಆಗಿಬಿಡುತ್ತದೆ.

ಎಲ್ಲಕ್ಕಿಂತ ಜಾಸ್ತಿ ಬದಲಾಗುವ ಸದ್ದು ಮನುಷ್ಯರ ಮಾತು. 1976ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಜನರಿಗೆ ಅಕ್ಷರಗಳ ಒಂದು ಸಾಲು ತೋರಿಸಿ, ಅದೇ ಕ್ರಮದಲ್ಲಿ ನೆನಪಿನಿಂದ ಬರೆಯಲು ಹೇಳಿದರು. ಹಿನ್ನೆಲೆಯಲ್ಲಿ ಯಾರೋ ಜರ್ಮನ್ ಓದುವ ಧ್ವನಿ. ಕೇಳುವವರಿಗೆ ಜರ್ಮನ್ ಬಾರದು, ಅದನ್ನು ಗಮನಿಸಬೇಡಿ ಎಂದೂ ಹೇಳಿತ್ತು. ಆದರೂ ತಪ್ಪುಗಳು ಜಾಸ್ತಿಯಾದವು. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಡೈಲನ್ ಜೋನ್ಸ್ ಮತ್ತು ಜೊತೆಗಾರರು ಇದನ್ನು ಇನ್ನಷ್ಟು ಬಿಡಿಸಿ ನೋಡಿದರು. ಒಂದೇ ಅಕ್ಷರವನ್ನು ಕ, ಕ, ಕ ಎಂದು ಕೇಳಿಸಿದರೆ ತೊಂದರೆ ಕಡಿಮೆ. ಕ, ಮ, ತ, ರ ಎಂದು ಬದಲಾಗುತ್ತ ಹೋದರೆ ನೆನಪಿನ ಸಾಲು ಕದಡುತ್ತದೆ. ಮಾತಿನ ಸದ್ದು ಸಣ್ಣದೋ ದೊಡ್ಡದೋ ಎಂಬುದಕ್ಕೆ ಇಲ್ಲಿ ಹೆಚ್ಚು ಬೆಲೆ ಇಲ್ಲ.

ನಮ್ಮ ಕೆಲಸ ಇದೇ ಅಲ್ವಾ? ಒಂದು ಜಿಎಸ್‌ಟಿ ನಂಬರಿನಲ್ಲಿ 15 ಅಂಕಿ-ಅಕ್ಷರ ಇರುತ್ತವೆ. ಬಿಲ್ಲಿನಲ್ಲಿ ನೋಡಿ, ತಲೆಯಲ್ಲಿ ಇಟ್ಟುಕೊಂಡು, ಪರದೆಯ ಮೇಲೆ ಹೋಲಿಸಬೇಕು. ಆ ಎರಡು ಕ್ಷಣ ಅಂಕಿಗಳು ತಲೆಯೊಳಗಿನ ಧ್ವನಿಯಾಗಿ ಸಾಲಾಗಿ ನಿಂತಿರುತ್ತವೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ಮಾತಾಡಿದರೆ ಆ ಧ್ವನಿಯ ಕ್ರಮ ಈ ಸಾಲಿನೊಳಗೆ ನುಗ್ಗುತ್ತದೆ. "ಸ್ವಲ್ಪ ಗಮನ ಕೊಟ್ಟು ಮಾಡಿ" ಎಂದು ಬುದ್ಧಿ ಹೇಳುವುದರಿಂದ ಇದು ಸರಿಹೋಗುವುದಿಲ್ಲ.

ಓದಿ ಅರ್ಥ ಮಾಡಿಕೊಳ್ಳುವ ಕೆಲಸದಲ್ಲಿ ಇನ್ನೊಂದು ತೊಂದರೆ ಸೇರುತ್ತದೆ. ಅಲ್ಲಿ ಅರ್ಥವಾಗುವ ಭಾಷೆ ಜಾಸ್ತಿ ಕೆಡಿಸುತ್ತದೆ. ಮಂಗಳೂರಿನಲ್ಲಿ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಮ್ಮ ಹಾಲ್‌ನಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಕನ್ನಡ, ಇಂಗ್ಲಿಷ್ ಎಲ್ಲ ಕೇಳುತ್ತವೆ. ನನಗೆ ನಾಲ್ಕು ಚೆನ್ನಾಗಿ ಅರ್ಥವಾಗುತ್ತವೆ. ಅಷ್ಟು ಭಾಷೆ ಬರುವುದು ನನಗೆ ಹೆಮ್ಮೆಯೇ. ಆದರೆ ಒಂದು ಕರಡು ಪತ್ರ ತಿದ್ದುವಾಗ ಅಷ್ಟೂ ಭಾಷೆಯ ಬಾಗಿಲು ತೆರೆದೇ ಇರುತ್ತವೆ.

ಇದರಲ್ಲಿ ಅತಿ ಕಷ್ಟದ್ದು ಫೋನ್ ಮಾತು. ಪಕ್ಕದಲ್ಲಿ ಇಬ್ಬರು ಮಾತಾಡಿಕೊಂಡರೆ ಹೇಗೋ ನಡೆಯುತ್ತದೆ. ಒಬ್ಬರು ಫೋನಿನಲ್ಲಿ "ಹೌದಾ? ಎಂತ? ಯಾವಾಗ? ಛೆ... ಮತ್ತೆ ಅವರು ಎಂತ ಹೇಳಿದ್ರು?" ಎನ್ನುವಾಗ ನನ್ನ ಕೈ ನಿಂತುಬಿಡುತ್ತದೆ. ಇದು ಕುತೂಹಲದ ದೋಷ, ಬೇರೆಯವರ ವಿಷಯ ನಮಗೆ ಯಾಕೆ ಎಂದು ನಾನು ಬಹಳ ಕಾಲ ನನ್ನನ್ನೇ ಬೈದುಕೊಂಡಿದ್ದೆ. 2010ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಜೊತೆಗಾರರ ಒಂದು ಅಧ್ಯಯನ ಪ್ರಕಟವಾಯಿತು. ಗಮನ ಬೇಡುವ ಕೆಲಸ ಮಾಡುತ್ತಿದ್ದ ಜನರಿಗೆ ಇಬ್ಬರ ಸಂಭಾಷಣೆ, ಒಬ್ಬರೇ ಹೇಳುವ ಮಾತು, ಫೋನಿನ ಒಂದು ಬದಿ ಮಾತ್ರ, ಹೀಗೆ ಬೇರೆ ಬೇರೆಯಾಗಿ ಕೇಳಿಸಿದರು. ಕೆಲಸ ಕೆಟ್ಟದ್ದು ಅರ್ಧ ಮಾತು ಕೇಳಿದಾಗ ಮಾತ್ರ. ಅದೇ ಅರ್ಧ ಮಾತನ್ನು ಪದ ತಿಳಿಯದ ಹಾಗೆ ಮಸುಕು ಮಾಡಿ ಕೇಳಿಸಿದಾಗ ತೊಂದರೆ ಹೋಯಿತು.

ಕಾರಣ ಹೀಗೆ. ಮಾತು ಕೇಳುವಾಗ ಮಿದುಳು ಮುಂದೇನು ಬರಬಹುದು ಎಂದು ಊಹಿಸುತ್ತಲೇ ಇರುತ್ತದೆ. ಎರಡೂ ಬದಿ ಕೇಳಿದರೆ ಊಹೆ ಸುಲಭ. ಒಂದು ಬದಿ ಇಲ್ಲದಿದ್ದರೆ ಪ್ರತಿ ಸಲವೂ ಊಹೆ ತಪ್ಪುತ್ತದೆ, ಮತ್ತೆ ಪ್ರಯತ್ನ, ಮತ್ತೆ ತಪ್ಪು. ಸ್ಪೀಕರ್ ಹಾಕಿ ಮಾತಾಡಿದರೆ ಈ ತೊಂದರೆ ಕಡಿಮೆ ಆದೀತು ಅನ್ನಿಸಬಹುದು. ದಯವಿಟ್ಟು ಬೇಡ. ಆಗ ಮಾತೇ ಎರಡರಷ್ಟಾಗುತ್ತದೆ, ಆ ಕಡೆ ಇರುವವರಿಗೆ ತಮ್ಮ ಮಾತನ್ನು ಇಪ್ಪತ್ತು ಜನ ಕೇಳುತ್ತಿದ್ದಾರೆ ಎಂದೂ ಗೊತ್ತಿರುವುದಿಲ್ಲ.

ದಿನಾ ಕೇಳಿ ಅಭ್ಯಾಸ ಆಗುತ್ತದೆ ಎಂದು ಹೇಳುವವರಿದ್ದಾರೆ. ಮನಸ್ಸಿಗೆ ಆದ ಹಾಗೆ ಕಂಡರೂ ಮೈಗೆ ಆಗಿರಬೇಕೆಂದಿಲ್ಲ. 2000ದಲ್ಲಿ ಗ್ಯಾರಿ ಎವನ್ಸ್ ಮತ್ತು ಡಾನಾ ಜಾನ್ಸನ್ ಎಂಬ ಸಂಶೋಧಕರು 40 ಮಹಿಳಾ ಗುಮಾಸ್ತರನ್ನು ಮೂರು ಗಂಟೆ ಕೆಲಸಕ್ಕೆ ಕೂರಿಸಿದರು. ಕೆಲವರಿಗೆ ನಿಶ್ಶಬ್ದ, ಕೆಲವರಿಗೆ ತೆರೆದ ಕಚೇರಿಯಲ್ಲಿ ಇರುವಂಥ ಸಾಧಾರಣ ಸದ್ದು. ಸದ್ದಿನಲ್ಲಿ ಕೂತವರು ತಮಗೆ ಹೆಚ್ಚು ಒತ್ತಡ ಆಯಿತು ಎಂದು ಹೇಳಲಿಲ್ಲ. ಆದರೆ ಅವರ ಮೈಯಲ್ಲಿ ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನು ಏರಿತ್ತು. ಆಮೇಲೆ ಕೊಟ್ಟ ಕಷ್ಟದ ಒಗಟನ್ನು ಅವರು ಬೇಗ ಕೈಬಿಟ್ಟರು. ಕುರ್ಚಿ, ಮೇಜನ್ನು ಸರಿಮಾಡಿಕೊಂಡು ಕೂರುವುದನ್ನೂ ಕಡಿಮೆ ಮಾಡಿದ್ದರು. ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಈ ಕೊನೆಯ ವಿಷಯ. ಸಂಜೆ ಆಗುವಾಗ ಕತ್ತು ನೋವು ಎನ್ನುವ ಎಷ್ಟೋ ಜನ ನಮ್ಮಲ್ಲಿದ್ದಾರೆ.

ಇನ್ನು ಕೆಲವರ ಕಷ್ಟ ಇದಕ್ಕಿಂತ ದೊಡ್ಡದು. ಪಕ್ಕದವರು ಹಲಸಿನ ಚಿಪ್ಸ್ ಅಗಿಯುವ ಸದ್ದು, ಚಾ ಹೀರುವ ಸದ್ದು, ಮೂಗು ಎಳೆಯುವ ಸದ್ದು ಕೇಳಿದರೆ ಅವರಿಗೆ ತಡೆಯಲಾಗದ ಸಿಟ್ಟೋ ಭಯವೋ ಬರುತ್ತದೆ. ಎದ್ದು ಓಡಬೇಕು ಅನ್ನಿಸುತ್ತದೆ. ಇದಕ್ಕೆ ಮಿಸೊಫೋನಿಯಾ ಎಂಬ ಹೆಸರನ್ನು 2001ರಲ್ಲಿ ಮಾರ್ಗರೆಟ್ ಮತ್ತು ಪಾವೆಲ್ ಯಾಸ್ಟ್ರೆಬಾಫ್ ಕೊಟ್ಟರು. 2017ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸುಖಬೀಂದರ್ ಕುಮಾರ್ ತಂಡ ಇಂಥವರ ಮಿದುಳನ್ನು ಸ್ಕ್ಯಾನ್ ಮಾಡಿತು. ಆ ಸದ್ದು ಕೇಳಿದಾಗ ಇನ್ಸುಲಾ ಎಂಬ ಭಾಗ ಉಳಿದವರಿಗಿಂತ ಬಹಳ ಜೋರಾಗಿ ಕೆಲಸ ಮಾಡಿತು. ಯಾವುದಕ್ಕೆ ಗಮನ ಕೊಡಬೇಕು ಎಂದು ನಿರ್ಧರಿಸುವುದರಲ್ಲಿ ಈ ಭಾಗಕ್ಕೆ ಪಾತ್ರ ಇದೆ. ಎದೆಬಡಿತವೂ ಏರಿತು. 2021ರಲ್ಲಿ ಅದೇ ತಂಡ ಇನ್ನೊಂದು ವಿಷಯ ಕಂಡಿತು: ಇವರಲ್ಲಿ ಕೇಳುವ ಭಾಗಕ್ಕೂ, ಬಾಯಿ-ಮುಖ ಆಡಿಸುವ ಭಾಗಕ್ಕೂ ಸಂಪರ್ಕ ಹೆಚ್ಚು ಬಲವಾಗಿದೆ. ಬೇರೆಯವರು ಅಗಿಯುವುದು ತಮ್ಮ ಬಾಯಿಯೊಳಗೇ ನುಗ್ಗಿದ ಹಾಗೆ ಆಗುತ್ತದೋ ಏನೋ. ಇಂಥವರಿಗೆ "ನಿಂದು ಜಾಸ್ತಿ ಆಯ್ತು" ಎಂದು ಹೇಳುವುದು ತಪ್ಪು. ತೊಂದರೆ ದಿನದ ಬದುಕನ್ನೇ ಕೆಡಿಸುವಷ್ಟಿದ್ದರೆ ಕಿವಿ ತಜ್ಞರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಬೇಕು. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಿಂದ ಕೆಲವರಿಗೆ ಉಪಯೋಗ ಆಗಿದೆ.

ಈಗ ಕೋಣೆಯ ವಿಷಯಕ್ಕೆ ಬರೋಣ. ಇಲ್ಲಿ ನನಗೆ ಹೇಳುವುದು ತುಂಬಾ ಇದೆ. ನಮ್ಮ ಕಚೇರಿಯ ನೆಲ ನುಣುಪಾದ ಟೈಲ್ಸ್, ಎರಡು ಬದಿ ಗಾಜು, ಮೇಲೆ ಕಾಂಕ್ರೀಟು. ನೋಡಲು ಚಂದ. ಆದರೆ ಸದ್ದು ಹೀರುವ ವಸ್ತು ಒಂದೂ ಇಲ್ಲ. ಆಡಿದ ಮಾತು ಗೋಡೆಯಿಂದ ಗೋಡೆಗೆ ಬಡಿದು ತಿರುಗುತ್ತಲೇ ಇರುತ್ತದೆ.

1895ರಲ್ಲಿ ಹಾರ್ವರ್ಡ್‌ನಲ್ಲಿ ಇಂಥದ್ದೇ ತೊಂದರೆ ಆಗಿತ್ತು. ಹೊಸ ಉಪನ್ಯಾಸದ ಕೋಣೆಯಲ್ಲಿ ಮೇಷ್ಟ್ರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಸದ್ದು ಪೂರ್ತಿ ಆರಲು ಸುಮಾರು 5.5 ಸೆಕೆಂಡು ಹಿಡಿಯುತ್ತಿತ್ತು. ಸರಿಮಾಡುವ ಕೆಲಸ ವಾಲೇಸ್ ಸೆಬೈನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕರಿಗೆ ಬಂತು. ಅವರು ರಾತ್ರಿ ಹೊತ್ತು ಒಂದು ನಾಟಕಶಾಲೆಯ ಕುರ್ಚಿಗಳ ದಿಂಬುಗಳನ್ನು ತಂದು ಜೋಡಿಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಎಷ್ಟು ಹೊತ್ತಿಗೆ ಆರುತ್ತದೆ ಎಂದು ಅಳೆದರು. ಬೆಳಗಾಗುವುದರೊಳಗೆ ಎಲ್ಲ ವಾಪಸ್ ಇಡಬೇಕಿತ್ತು. ಹೀಗೆ ಹುಟ್ಟಿದ್ದು ಇವತ್ತಿಗೂ ಎಲ್ಲ ಸಭಾಂಗಣಗಳ ಲೆಕ್ಕಕ್ಕೆ ಬಳಸುವ ಸೂತ್ರ. ಸದ್ದು ಹೀರುವ ಶಕ್ತಿಯನ್ನು ಅಳೆಯಲು ಸೆಬೈನ್ ಆರಿಸಿದ ಅಳತೆ ನನಗೆ ಬಹಳ ಇಷ್ಟ: ತೆರೆದ ಕಿಟಕಿ. ತೆರೆದ ಕಿಟಕಿಯಿಂದ ಹೊರಗೆ ಹೋದ ಸದ್ದು ಮರಳಿ ಬರುವುದಿಲ್ಲವಲ್ಲ.

ನಮ್ಮ ಹಳೆಯ ಹಂಚಿನ ಮನೆಗಳನ್ನು ನೆನೆಯಿರಿ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಮಂಗಳೂರು ಹಂಚು ಹೆಸರಾಯಿತು. ಆ ಮಾಡಿನಲ್ಲಿ ಹಂಚು ಹಂಚಿನ ನಡುವೆ ಸಂದು, ಕೆಳಗೆ ಮರ, ಸುತ್ತ ಜಗಲಿ, ಹಗಲೆಲ್ಲ ತೆರೆದ ಕಿಟಕಿ. ಸದ್ದಿಗೆ ಹೊರಗೆ ಹೋಗಲು ದಾರಿ ಇತ್ತು. ಎಸಿ ಹಾಕಿದ ಗಾಜಿನ ಹಾಲ್‌ನಲ್ಲಿ ಆ ದಾರಿ ಮುಚ್ಚಿದೆ. ಅದಕ್ಕೆ ಬದಲಿ ಬೇಕು: ಮೇಲೆ ಸದ್ದು ಹೀರುವ ಹಲಗೆ, ಕಿಟಕಿಗೆ ದಪ್ಪ ಪರದೆ, ಮೇಜುಗಳ ನಡುವೆ ಬಟ್ಟೆ ಹೊದಿಸಿದ ಅಡ್ಡಗೋಡೆ. ಮೇಲಿನ ಹಲಗೆಯೇ ಮುಖ್ಯ. ಸೊಂಟದೆತ್ತರದ ಅಡ್ಡಗೋಡೆಯೊಂದನ್ನೇ ಹಾಕಿದರೆ ಮಾತು ಅದರ ಮೇಲಿಂದ ದಾಟಿ ಬರುತ್ತದೆ.

ಮಳೆ ಮಾಡಿದ ಕೆಲಸವನ್ನು ಯಂತ್ರದಿಂದ ಮಾಡಿಸುವುದೂ ಉಂಟು. ಗಾಳಿಯಂಥ ಒಂದೇ ಸಮದ ಸದ್ದನ್ನು ಸುಮಾರು 45 ಡೆಸಿಬಲ್ ಆಸುಪಾಸು ಇಡುತ್ತಾರೆ. ಆಗ ದೂರದ ಮೇಜಿನ ಮಾತು ಸದ್ದಾಗಿ ಉಳಿಯುತ್ತದೆ, ಪದವಾಗಿ ತಿಳಿಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಊರಲ್ಲಿ ನಾಲ್ಕು ತಿಂಗಳು ಇದು ಸುಮ್ನೆ ಸಿಗುತ್ತದೆ. ಉಳಿದ ತಿಂಗಳು ನಾನು ಹೆಡ್‌ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಳ್ಳುತ್ತೇನೆ. ಹಾಡು ಹಾಕಿದರೆ ಸಾಹಿತ್ಯವೂ ಮಾತೇ, ಅದೇ ತೊಂದರೆ. ಸದ್ದು ಅಳಿಸುವ ದುಬಾರಿ ಹೆಡ್‌ಫೋನ್ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ. ಬೋಸ್ ಸ್ಪೀಕರ್ ಕಂಪನಿಯ ಸ್ಥಾಪಕ ಅಮರ್ ಬೋಸ್ ಅವರಿಗೆ 1978ರಲ್ಲಿ ಅದರ ಯೋಚನೆ ಬಂದದ್ದು ವಿಮಾನದಲ್ಲಿ, ಇಂಜಿನ್ನಿನ ಮೊರೆತ ಕೇಳಿ. ಬರುವ ಅಲೆಗೆ ಸರಿಯಾಗಿ ತಿರುಗುಮುರುಗು ಅಲೆ ಹುಟ್ಟಿಸಿ ಅದನ್ನು ಅಳಿಸುವ ಉಪಾಯ ಅದು. ಒಂದೇ ಸಮದ ದಪ್ಪ ಸದ್ದಿನ ಮೇಲೆ ಚೆನ್ನಾಗಿ ನಡೆಯುತ್ತದೆ. ಮಾತು, ಪೆನ್ನಿನ ಟಕ್ ಟಕ್ ಮೇಲೆ ಅಷ್ಟಾಗಿ ನಡೆಯುವುದಿಲ್ಲ.

ಗೋಡೆ ತೆಗೆದರೆ ಜನ ಬೆರೆಯುತ್ತಾರೆ ಎಂಬುದು ಇಂಥ ಹಾಲ್‌ಗಳಿಗೆ ಕೊಡುವ ಕಾರಣ. 2018ರಲ್ಲಿ ಪ್ರಕಟವಾದ ಬರ್ನ್‌ಸ್ಟೀನ್ ಮತ್ತು ಟರ್ಬನ್ ಅವರ ಅಧ್ಯಯನದಲ್ಲಿ, ತೆರೆದ ಹಾಲ್‌ಗೆ ಬಂದ ಮೇಲೆ ಜನ ಮುಖಾಮುಖಿ ಮಾತಾಡುವುದು ಸುಮಾರು 70 ಶೇಕಡಾ ಕಡಿಮೆ ಆಯಿತು. ಇಮೇಲ್ ಜಾಸ್ತಿ ಆಯಿತು. ನಮ್ಮಲ್ಲೂ ಎರಡು ಮೇಜು ಆಚೆ ಇರುವವರಿಗೆ ವಾಟ್ಸಾಪ್ ಮಾಡುತ್ತೇವೆ.

ಕೊನೆಗೆ ನನಗೆ ನಿಜವಾಗಿ ಸಹಾಯ ಮಾಡಿದ್ದು ಒಂದು ಹಳೆಯ ಪ್ರಯೋಗ. 1960ರ ದಶಕದ ಕೊನೆಯಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಧ್ವನಿಮುದ್ರಣ ಮಾಡಿದರು. ಅದರಲ್ಲಿ ಇಬ್ಬರ ಸ್ಪ್ಯಾನಿಷ್ ಮಾತು, ಒಬ್ಬರ ಆರ್ಮೇನಿಯನ್ ಮಾತು, ಟೈಪ್‌ರೈಟರ್, ಲೆಕ್ಕದ ಯಂತ್ರ, ಪ್ರತಿ ತೆಗೆಯುವ ಯಂತ್ರ ಎಲ್ಲ ಒಟ್ಟಿಗೆ ಇದ್ದವು. ಒಂದು ಕಚೇರಿಯೇ ಅದರೊಳಗೆ ಇತ್ತು. ಅದನ್ನು ಜೋರಾಗಿ, ಹೇಳದೆ ಕೇಳದೆ ಬಿಟ್ಟು ಬಿಟ್ಟು ಕೇಳಿಸಿದರು. ಅರ್ಧ ಜನರಿಗೆ ಒಂದು ಗುಂಡಿ ತೋರಿಸಿ, "ತೀರಾ ತಡೆಯದಿದ್ದರೆ ಒತ್ತಿ, ಸದ್ದು ನಿಲ್ಲುತ್ತದೆ. ಒತ್ತದಿದ್ದರೆ ಒಳ್ಳೆಯದು" ಎಂದರು. ಅವರು ಒತ್ತಲಿಲ್ಲ. ಎರಡೂ ಗುಂಪಿನವರು ಕೇಳಿದ್ದು ಒಂದೇ ಸದ್ದು. ಆಮೇಲೆ ಕೊಟ್ಟ ಕೆಲಸದಲ್ಲಿ, ಗುಂಡಿ ಇದ್ದವರು ಕರಡು ತಿದ್ದುವಾಗ ಕಡಿಮೆ ತಪ್ಪು ಮಾಡಿದರು, ಬಿಡಿಸಲಾಗದ ಒಗಟಿನೊಂದಿಗೆ ಜಾಸ್ತಿ ಹೊತ್ತು ಹೋರಾಡಿದರು. ನಿಲ್ಲಿಸಬಹುದು ಎಂಬ ತಿಳಿವಳಿಕೆಯೇ ಅವರನ್ನು ಕಾಯ್ದಿತ್ತು.

ಇದನ್ನು ಓದಿದ ಮರುದಿನ, ಚಾ ಹೊತ್ತಿನಲ್ಲಿ ವರಾಂಡದಲ್ಲಿ ನಿಂತಾಗ ಪಕ್ಕದ ಮೇಜಿನವರ ಹತ್ತಿರ ಹೇಳಿದೆ. ಎಲ್ಲರ ಎದುರು ಹೇಳಲಿಲ್ಲ, ಸಿಟ್ಟು ಬಂದಾಗಲೂ ಹೇಳಲಿಲ್ಲ.

"ಒಂದು ವಿಷಯ ಹೇಳ್ಲಾ? ಬೇಜಾರು ಮಾಡ್ಬೇಡಿ. ಲೆಕ್ಕ ನೋಡುವಾಗ ನಿಮ್ಮ ಪೆನ್ನಿನ ಸದ್ದಿಗೆ ನಂಗೆ ನಂಬರು ತಪ್ತದೆ."

ಅವರು ಕೈಯಲ್ಲಿದ್ದ ಪೆನ್ ನೋಡಿಕೊಂಡರು. "ಹೌದಾ ಮಾರಾಯ್ರೆ? ನಾನು ಒತ್ತುದು ನಂಗೇ ಗೊತ್ತಾಗುದಿಲ್ಲ. ಇನ್ನು ಒತ್ತಿದ್ರೆ ಅಲ್ಲೇ ಹೇಳಿ, ಎಂತ ಸಂಕೋಚ?"

ಮೆಟ್ಟಿಲ ಬಳಿಯ ಆ ವರಾಂಡವೇ ಈಗ ಫೋನ್ ಮಾತಿನ ಜಾಗವೂ ಆಗಿದೆ. ಅಲ್ಲಿಗೆ ಎರಡು ಕುರ್ಚಿ ಹಾಕಿಸಿಕೊಂಡೆವು. ಅವರ ಪೆನ್ ಈಗಲೂ ಕೆಲವೊಮ್ಮೆ ಟಕ್ ಎನ್ನುತ್ತದೆ. ಮೂರು ತಿಂಗಳಲ್ಲಿ ನಾನು ಹೇಳಿದ್ದು ಎರಡೇ ಸಲ. ಉಳಿದ ಸಲ ಕೇಳಿಸಿತು, ಆದರೆ ಕಣ್ಣು ಬಿಲ್ಲಿನ ಮೇಲೆಯೇ ಇತ್ತು.