ನಾಲ್ಕನೇ ಕಂಪ್ಯೂಟರಿಗೆ ಮಾತ್ರ ಸರ್ವರ್ ಸಿಗದಿದ್ದಾಗ

ಮೇ ತಿಂಗಳಲ್ಲಿ ಗುಡುಗು ಶುರುವಾಯಿತೆಂದರೆ ಮಂಗಳೂರಿನಲ್ಲಿ ನಮ್ಮಂಥ ನೆಟ್‌ವರ್ಕ್ ಕೆಲಸದವರಿಗೆ ಫೋನ್ ಜಾಸ್ತಿ. ಸಿಡಿಲಿಗೆ ರೂಟರ್ ಸುಡುವುದು ಇಲ್ಲಿ ಮಾಮೂಲು. ಬಂದರಿನ ಒಂದು ಸಗಟು ಅಂಗಡಿಯಲ್ಲೂ ಹಾಗೇ ಆಯಿತು. ಹೊಸ ರೂಟರ್ ಹಾಕಿದರು, ಇಂಟರ್ನೆಟ್ ಬಂತು. ಬಿಲ್ಲಿಂಗ್ ಸಾಫ್ಟ್‌ವೇರ್ ಮೂರು ಕಂಪ್ಯೂಟರುಗಳಲ್ಲಿ ತೆರೆಯಿತು, ಕೌಂಟರಿನ ನಾಲ್ಕನೆಯದರಲ್ಲಿ ಮಾತ್ರ ಇಲ್ಲ.

"ಮಾರಾಯ್ರೇ, ಇದಕ್ಕೊಂದಕ್ಕೆ ಎಂತ ಆದದ್ದು?" ಎಂದರು ಅಂಗಡಿಯವರು. ನಾನು ಹೋಗುವ ಮೊದಲೇ ಅಲ್ಲಿನ ಹುಡುಗ ರೀಸ್ಟಾರ್ಟ್ ಮಾಡಿ ನೋಡಿದ್ದ. ಹೆಸರಿಗೆ ನಂಬರ್ ವಿಳಾಸ ಹುಡುಕಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್, ಅದರ ಉತ್ತರಗಳನ್ನು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಜಾಗ ಕ್ಯಾಶೆ. ಅದನ್ನೂ ಎರಡು ಮೂರು ಸಲ ಫ್ಲಶ್ ಮಾಡಿ ಖಾಲಿ ಮಾಡಿದ್ದ.

ಇಂಥ ಕಡೆ ನಾನು ಮೊದಲು ಏನನ್ನೂ ಅಳಿಸುವುದಿಲ್ಲ. ಹೆಸರು ಕೇಳಿದಾಗ ವಿಳಾಸ ಹೇಳುತ್ತಿರುವವರು ಯಾರು ಎಂದು ಹುಡುಕುತ್ತೇನೆ. ಅಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಹುಡುಕುವ ಸರ್ವರಿನ ಹೆಸರು 'ಗೋಡೌನ್'. ಕಮಾಂಡ್ ಪ್ರಾಂಪ್ಟ್ ತೆರೆದು ಆ ಹೆಸರಿಗೆ ಪಿಂಗ್ ಕೊಟ್ಟೆ, ಅಂದರೆ ಆ ಯಂತ್ರ ಓಗೊಡುತ್ತದೆಯೇ ಎಂದು ಕೇಳಿದೆ. ವಿಳಾಸ 192.168.1.20 ಎಂದು ಬಂತು, ಉತ್ತರ ಬರಲಿಲ್ಲ. ಅದೇ ಹೆಸರನ್ನು ಎನ್‌ಎಸ್‌ಲುಕಪ್ ಎಂಬ ಇನ್ನೊಂದು ಕಮಾಂಡಿನಲ್ಲಿ ಕೇಳಿದೆ. ಈಗ ಸಿಕ್ಕಿದ್ದು 192.168.0.105.

ಒಂದೇ ಕಂಪ್ಯೂಟರ್, ಒಂದೇ ಹೆಸರು, ಎರಡು ಉತ್ತರ. ಗುಟ್ಟು ಇರುವುದೇ ಇಲ್ಲಿ. ಎನ್‌ಎಸ್‌ಲುಕಪ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಅಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಹೊಸ ರೂಟರ್, ಅದು ಸರಿಯಾಗಿಯೇ ಹೇಳಿತು. ಪಿಂಗ್ ಹಾಗಲ್ಲ. ಅದು ವಿಂಡೋಸನ್ನು ಕೇಳುತ್ತದೆ. ವಿಂಡೋಸ್ ಮೊದಲು ತನ್ನ ಕ್ಯಾಶೆಯನ್ನೂ, ಹೆಸರು-ವಿಳಾಸಗಳನ್ನು ನಾವೇ ಬರೆದಿಡಬಹುದಾದ ಹೋಸ್ಟ್ಸ್ ಫೈಲನ್ನೂ ನೋಡಿ, ಅಲ್ಲಿ ಸಿಗದಿದ್ದರೆ ಮಾತ್ರ ಹೊರಗೆ ಕೇಳುತ್ತದೆ. ಬ್ರೌಸರ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಹೋಗುವುದು ಸಾಮಾನ್ಯವಾಗಿ ಪಿಂಗ್ ಹೋದ ದಾರಿಯಲ್ಲೇ. ಹಾಗಾಗಿ ಎನ್‌ಎಸ್‌ಲುಕಪ್ ಸರಿ ಇದೆ ಎಂದು ಎದ್ದು ಬಂದರೆ ಅರ್ಧ ಕೆಲಸವೇ ಆದದ್ದು.

ಹೋಸ್ಟ್ಸ್ ಫೈಲ್ ಡಿಎನ್‌ಎಸ್‌ಗಿಂತ ಹಳೆಯದು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸುವವರೆಗೆ ಇಡೀ ಜಾಲದ ಹೆಸರುಗಳು ಅಂಥ ಒಂದೇ ಫೈಲಿನಲ್ಲಿದ್ದವು. ಅಂಥ ಫೈಲ್ ಇವತ್ತಿಗೂ ಪ್ರತಿ ಕಂಪ್ಯೂಟರಿನಲ್ಲಿದೆ. ವಿಂಡೋಸ್‌ನಲ್ಲಾದರೆ ಸಿಸ್ಟಮ್32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ ಫೋಲ್ಡರ್. ತೆರೆದು ನೋಡಿದರೆ ಕೊನೆಯಲ್ಲಿ ಒಂಟಿ ಸಾಲು: 192.168.1.20, ಒಂದಷ್ಟು ಖಾಲಿ ಜಾಗ, ಗೋಡೌನ್. ಹಿಂದೆ ಯಾರೋ ತುರ್ತಿಗೆ ಬರೆದದ್ದು. ಹಳೆ ರೂಟರ್ ಇರುವವರೆಗೆ ಅದು ಸರಿಯಾಗಿಯೇ ಇತ್ತು. ಹೊಸ ರೂಟರ್ ಬೇರೆ ಸರಣಿಯ ವಿಳಾಸ ಹಂಚಿತು, ಈ ಸಾಲಿಗೆ ಅದು ಗೊತ್ತಾಗಲಿಲ್ಲ. ಫ್ಲಶ್ ಮಾಡಿದರೂ ಪ್ರಯೋಜನವಾಗದ್ದು ಇದಕ್ಕೇ. ಕ್ಯಾಶೆ ಖಾಲಿಯಾದ ಕೂಡಲೇ ವಿಂಡೋಸ್ ಹೋಸ್ಟ್ಸ್ ಫೈಲಿನ ಸಾಲುಗಳನ್ನು ಮತ್ತೆ ತುಂಬಿಕೊಳ್ಳುತ್ತದೆ.

ಆ ಸಾಲನ್ನು ತೆಗೆದೆ. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಈ ಫೈಲ್ ಸೇವ್ ಆಗುವುದಿಲ್ಲ. ಕೆಲವರು ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಿ ಅಲ್ಲಿಗೆ ಎಳೆದು ಹಾಕುತ್ತಾರೆ. ಆಗ ಎಷ್ಟೋ ಸಲ ಹೆಸರಿನ ಹಿಂದೆ ಟಿಎಕ್ಸ್‌ಟಿ ಎಂಬ ಬಾಲ ಸೇರಿರುತ್ತದೆ. ವಿಂಡೋಸ್ ಸಾಮಾನ್ಯವಾಗಿ ಅದನ್ನು ಕಣ್ಣಿಗೆ ತೋರಿಸುವುದಿಲ್ಲ, ಆ ಫೈಲನ್ನು ಓದುವುದೂ ಇಲ್ಲ. ಬದಲಾವಣೆ ಮಾಡಿದೆ, ಆದರೂ ಆಗಲಿಲ್ಲ ಎನ್ನುವವರು ಮೊದಲು ಇದನ್ನು ನೋಡಿಕೊಳ್ಳಿ.

ಅಂಗಡಿಯವರದ್ದು ಇನ್ನೊಂದು ದೂರು ಇತ್ತು. ವೆಬ್‌ಸೈಟನ್ನು ಹೊಸ ಹೋಸ್ಟಿಂಗಿಗೆ ಬದಲಾಯಿಸಿದ ದಿನ ಕೆಲವರಿಗೆ ಹಳೆಯದೇ ಕಾಣುತ್ತಿತ್ತಂತೆ. ಅದು ಟಿಟಿಎಲ್ ವಿಷಯ. ಒಂದು ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಎಂಬ ಲೆಕ್ಕ ಅದು. 86400 ಎಂದಿದ್ದರೆ ಇಡೀ ಒಂದು ದಿನ. ನಿಮ್ಮ ಕಂಪ್ಯೂಟರಿನಲ್ಲಿ ಫ್ಲಶ್ ಮಾಡಿದರೂ ಇಂಟರ್ನೆಟ್ ಕಂಪನಿಯ ಸರ್ವರಿನಲ್ಲಿ ಹಳೆ ಉತ್ತರ ಇದ್ದೇ ಇರುತ್ತದೆ, ಅಲ್ವಾ? ಬದಲಾಯಿಸುವ ಒಂದೆರಡು ದಿನ ಮೊದಲೇ ಅದನ್ನು 300ಕ್ಕೆ ಇಳಿಸಿಟ್ಟರೆ ಈ ಕಾಯುವಿಕೆ ಐದು ನಿಮಿಷಕ್ಕೆ ಬರುತ್ತದೆ.

ಹೊಸ ಹೆಸರನ್ನು ಸೇರಿಸುವ ಮೊದಲೇ ಸುಮ್ನೆ ಬಂತಾ ಎಂದು ತೆರೆದು ನೋಡಬೇಡಿ. 'ಅಂಥ ಹೆಸರಿಲ್ಲ' ಎಂಬ ಉತ್ತರವನ್ನೂ ಡಿಎನ್‌ಎಸ್ ಸರ್ವರುಗಳು ನೆನಪಿಟ್ಟುಕೊಳ್ಳುತ್ತವೆ. ಆತುರದಲ್ಲಿ ನೋಡಿ ನಾವೇ ಕಾಯುವ ಹೊತ್ತನ್ನು ಉದ್ದ ಮಾಡಿಕೊಳ್ಳುತ್ತೇವೆ.

ಹೊರಡುವ ಮೊದಲು ರೂಟರಿನಲ್ಲಿ ಸರ್ವರಿನ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ, ಹಾಕಿ 192.168.0.105 ಅನ್ನು ಅದಕ್ಕೇ ಕಾದಿರಿಸಿದೆ. ಇನ್ನು ಈ ರೂಟರ್ ಇರುವಷ್ಟು ದಿನ ಆ ನಂಬರ್ ಬೇರೆ ಯಂತ್ರಕ್ಕೆ ಹೋಗುವುದಿಲ್ಲ. ಆಮೇಲೆ ಬಿಳಿ ಸ್ಟಿಕರಿನ ಮೇಲೆ 'ಗೋಡೌನ್', ಅದರ ಕೆಳಗೆ ನಂಬರ್, ಅವತ್ತಿನ ತಾರೀಕು ಬರೆದು ಸರ್ವರಿನ ಪಕ್ಕಕ್ಕೆ ಅಂಟಿಸಿದೆ. ಮುಂದಿನ ಸಿಡಿಲಿನ ನಂತರ ಅಲ್ಲಿ ಕೂರುವವರು ನಾನೇ ಆಗಿರಬೇಕೆಂದಿಲ್ಲ.