ಹಾಡು ರೆಕಾರ್ಡ್ ಮಾಡುವ ಕಂಪ್ಯೂಟರ್‌ಗೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಾ?

ಪ್ರಶ್ನೆ: ನಾನು ಭಾವಗೀತೆ ಹಾಡುತ್ತೇನೆ, ಕೀಬೋರ್ಡ್ ನುಡಿಸುತ್ತೇನೆ. ಮನೆಯಲ್ಲೇ ರೆಕಾರ್ಡ್ ಮಾಡಲು ಕಂಪ್ಯೂಟರ್ ಜೋಡಿಸಬೇಕು ಅಂತಿದ್ದೇನೆ. ಗೇಮಿಂಗ್ ಕಂಪ್ಯೂಟರ್ ತಗೊಂಡರೆ ಎಲ್ಲಕ್ಕೂ ಆಗುತ್ತೆ ಅಂತಾರೆ ಅಂಗಡಿಯವರು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ?

ಉತ್ತರ: ಬೇಡ. ಆ ದುಡ್ಡು ಉಳಿಸಿ. ಹಾಡಿನ ಕೆಲಸದಲ್ಲಿ ಆ ಕಾರ್ಡ್‌ಗೆ ಮಾಡಲು ಹೆಚ್ಚೇನೂ ಇಲ್ಲ. ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಒಂದು ಎಚ್ಚರ ಮಾತ್ರ ಇರಲಿ: ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್‌ನ ನಂಬರ್ ಕೊನೆಗೆ 'ಎಫ್' ಅಕ್ಷರ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಸ್ವಲ್ಪ ಅಗ್ಗ ಅಂತ ಅದನ್ನು ತಂದರೆ ಕಾರ್ಡ್ ಕೊಳ್ಳಲೇಬೇಕಾಗುತ್ತದೆ.

ಕಾರ್ಡ್ ಬೇಡ ಅನ್ನಲು ಇನ್ನೊಂದು ಕಾರಣ ಅದರ ಫ್ಯಾನ್. ನನ್ನ ಮೊದಲ ಕಂಪ್ಯೂಟರ್‌ನಲ್ಲಿ ಅಂಥ ಕಾರ್ಡ್ ಇತ್ತು. ಒಮ್ಮೆ ತಂಬೂರಿ ರೆಕಾರ್ಡ್ ಮಾಡಿದೆ. ಹಗಲು ಕೇಳಿದಾಗ ಚೆನ್ನಾಗಿತ್ತು. ರಾತ್ರಿ ಹೆಡ್‌ಫೋನ್ ಹಾಕಿ ಕೇಳಿದರೆ, ತಂತಿಯ ನಾದ ಇಳಿದಂತೆಲ್ಲ ಹಿಂದಿನಿಂದ ಫ್ಯಾನ್ ಮೊರೆತ ಮೇಲೇಳುತ್ತಿತ್ತು. ಅದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಯಲು ಹೋದೆ, ತಂಬೂರಿಯ ಝೇಂಕಾರವೂ ಮಂಕಾಯಿತು. ತುಂಬಾ ಬೇಜಾರಾಯಿತು. ಅಂದಿನಿಂದ ಬಿಡಿಭಾಗ ಕೊಳ್ಳುವಾಗ ನಾನು ಮೊದಲು ಕೇಳುವುದು ಸದ್ದಿನ ಬಗ್ಗೆ.

ಹಾಗಾಗಿ ಕ್ಯಾಬಿನೆಟ್ ಮತ್ತು ಕೂಲರ್‌ಗೆ ಜಿಪುಣತನ ಬೇಡ. 120 ಅಥವಾ 140 ಮಿಲಿಮೀಟರ್‌ನ ದೊಡ್ಡ ಫ್ಯಾನ್ ನಿಧಾನ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ. ಚಿಕ್ಕದು ಅಷ್ಟೇ ಗಾಳಿ ಕೊಡಲು ಜೋರಾಗಿ ತಿರುಗಿ ಕಿರುಚುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಬದಲು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿ. ಪೆಟ್ಟಿಗೆಯನ್ನು ಮೈಕ್‌ನಿಂದ ದೂರ, ಮೈಕ್‌ನ ಬೆನ್ನಿನ ಕಡೆ ಇಡಿ. ಯುಎಸ್‌ಬಿ 2.0 ಕೇಬಲ್ 5 ಮೀಟರ್‌ವರೆಗೂ ಇರಬಹುದು, ಆದ್ದರಿಂದ ಇಂಟರ್‌ಫೇಸ್ (ಮೈಕ್ ಅನ್ನು ಕಂಪ್ಯೂಟರ್‌ಗೆ ಜೋಡಿಸುವ ಚಿಕ್ಕ ಸಾಧನ) ನಿಮ್ಮ ಹತ್ತಿರ, ಕಂಪ್ಯೂಟರ್ ಆಚೆ ಮೂಲೆಯಲ್ಲಿ ಇದ್ದರೂ ನಡೆಯುತ್ತದೆ.

ಇನ್ನು ವೇಗದ ವಿಷಯ. ಇಲ್ಲೇ ಹೆಚ್ಚಿನವರು ತಪ್ಪು ತಿಳಿಯುವುದು. ಕಂಪ್ಯೂಟರ್ ಧ್ವನಿಯನ್ನು ನೀರಿನ ಧಾರೆಯಂತೆ ಕೊಡುವುದಿಲ್ಲ. ಊಟದ ಪಂಕ್ತಿಯಲ್ಲಿ ಸಾರು ಬಡಿಸುವ ಹಾಗೆ, ಬಕೆಟ್ ತುಂಬಿಸಿ ತುಂಬಿಸಿ ತರುತ್ತದೆ. ಆ ಬಕೆಟ್ಟೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ಲೆಕ್ಕದಲ್ಲಿ ರೆಕಾರ್ಡ್ ಮಾಡುವಾಗ 128 ಸ್ಯಾಂಪಲ್‌ನ ಬಫರ್ ಅಂದರೆ ಸುಮಾರು 2.7 ಮಿಲಿಸೆಕೆಂಡ್. 1024 ಅಂದರೆ ಸುಮಾರು 21. ಬಕೆಟ್ ಚಿಕ್ಕದಾದರೆ ಧ್ವನಿ ಬೇಗ ಬರುತ್ತದೆ, ಆದರೆ ಕಂಪ್ಯೂಟರ್ ಮತ್ತೆ ಮತ್ತೆ ಓಡಿ ಬರಬೇಕು. ಒಮ್ಮೆ ತಡವಾದರೂ ಎಲೆ ಖಾಲಿ. ಕಿವಿಗೆ 'ಟಪ್' ಅಂತ ಕೇಳುವುದು ಅದೇ.

ಒಳಗೆ ಬರಲು ಒಂದು ಬಫರ್, ಹೊರಗೆ ಹೋಗಲು ಇನ್ನೊಂದು, ಜೊತೆಗೆ ಇಂಟರ್‌ಫೇಸ್‌ನದೇ ಸ್ವಲ್ಪ. ಎಲ್ಲ ಸೇರಿ 10 ಮಿಲಿಸೆಕೆಂಡ್ ತಡ ಆಯಿತು ಅನ್ನಿ. ಗಾಳಿಯಲ್ಲಿ ಧ್ವನಿ ಅಷ್ಟರಲ್ಲಿ ಹೋಗುವುದು ಸುಮಾರು 3.4 ಮೀಟರ್. ಅಂದರೆ ಸ್ಪೀಕರ್ ಕೋಣೆಯ ಆಚೆ ತುದಿಯಲ್ಲಿ ಇದ್ದ ಹಾಗೆ, ಅಷ್ಟೇ ಅಲ್ವಾ? ಕೀಬೋರ್ಡ್‌ನಲ್ಲಿ ಸಾಫ್ಟ್‌ವೇರ್ ವಾದ್ಯ ನುಡಿಸುವಾಗ ಬಫರ್ 128 ಅಥವಾ 256 ಇಡಿ. ಹಾಡುವಾಗ ಅದೂ ಬೇಕಿಲ್ಲ. ಇಂಟರ್‌ಫೇಸ್‌ನಲ್ಲಿ ಡೈರೆಕ್ಟ್ ಮಾನಿಟರಿಂಗ್ ಇದ್ದರೆ ನಿಮ್ಮ ದನಿ ಕಂಪ್ಯೂಟರ್ ಒಳಗೆ ಸುತ್ತಿ ಬರದೆ ನೇರ ಹೆಡ್‌ಫೋನ್‌ಗೆ ಬರುತ್ತದೆ. ಮಿಕ್ಸಿಂಗ್ ಹೊತ್ತಿಗೆ 1024ಕ್ಕೆ ಏರಿಸಿಕೊಳ್ಳಿ.

ಪ್ರೊಸೆಸರ್‌ನಲ್ಲಿ ನೋಡಬೇಕಾದ್ದು ಒಂದೊಂದು ಕೋರ್‌ನ (ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ) ವೇಗ. ಒಂದು ಟ್ರ್ಯಾಕ್ ಮೇಲೆ ಹಾಕಿದ ಎಫೆಕ್ಟ್‌ಗಳು ಒಂದಾದ ಮೇಲೊಂದು ನಡೆಯಬೇಕು, ಅವನ್ನು ಹತ್ತು ಕೋರ್‌ಗಳಿಗೆ ಹಂಚಿಕೊಡಲು ಆಗುವುದಿಲ್ಲ. ಈಗಿನ ಮಧ್ಯಮ ಬೆಲೆಯ 6 ಕೋರ್ ಪ್ರೊಸೆಸರ್ ನಿಮಗೆ ಧಾರಾಳ. ರ‍್ಯಾಮ್ 16 ಜಿಬಿ ಇರಲಿ. ಪಿಯಾನೋ, ವಯಲಿನ್ ನಾದ ತುಂಬಿದ ದೊಡ್ಡ ಲೈಬ್ರರಿಗಳನ್ನು ಬಳಸುವುದಾದರೆ 32. ಡಿಸ್ಕ್ ಬಗ್ಗೆ ಚಿಂತೆ ಬೇಡ: 24 ಬಿಟ್‌ನಲ್ಲಿ ಒಂದು ಮೈಕ್‌ನ ರೆಕಾರ್ಡಿಂಗ್ ನಿಮಿಷಕ್ಕೆ ಸುಮಾರು 8.6 ಎಂಬಿ. ಹತ್ತು ಟ್ರ್ಯಾಕಿನ 5 ನಿಮಿಷದ ಹಾಡಿಗೆ 430 ಎಂಬಿ ಸಾಕು.

ಇಷ್ಟೆಲ್ಲ ಇದ್ದೂ 'ಟಪ್ ಟಪ್' ಬಂದರೆ ಸುಮ್ನೆ ಪ್ರೊಸೆಸರ್ ಬದಲಿಸಬೇಡಿ. ವಿಂಡೋಸ್‌ನಲ್ಲಿ ಎಷ್ಟೋ ಸಲ ವೈಫೈ ಅಥವಾ ಗ್ರಾಫಿಕ್ಸ್ ಡ್ರೈವರ್ (ಆ ಭಾಗವನ್ನು ನಡೆಸುವ ಸಾಫ್ಟ್‌ವೇರ್) ನಡುವೆ ಅಡ್ಡ ಬಂದು ಹೊತ್ತು ತಿನ್ನುತ್ತದೆ. ಲೇಟೆನ್ಸಿಮಾನ್ ಎಂಬ ಸಾಫ್ಟ್‌ವೇರ್ ಅದು ಯಾವುದು ಅಂತ ತೋರಿಸುತ್ತದೆ. ರೆಕಾರ್ಡ್ ಮಾಡುವಾಗ ವೈಫೈ ಆಫ್ ಮಾಡಿ. ಧ್ವನಿಯನ್ನು ತಡವಿಲ್ಲದೆ ಸಾಗಿಸಲೆಂದೇ ಇರುವ, ಇಂಟರ್‌ಫೇಸ್ ಕಂಪನಿಯದೇ ಎಎಸ್‌ಐಒ ಡ್ರೈವರ್ ಹಾಕಿ.

ಉಳಿದ ದುಡ್ಡಲ್ಲಿ ಒಳ್ಳೆಯ ಮೈಕ್ ಕೊಳ್ಳಿ. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ ಕರೆದು ಅರ್ಥಿಂಗ್ ನೋಡಿಸಿ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೆಯ ತೂತಿಗೆ ತಂತಿಯೇ ಬಂದಿರುವುದಿಲ್ಲ. ಆಗ ನಮ್ಮ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು ಎಷ್ಟು ದುಬಾರಿ ಮೈಕ್ ಇದ್ದರೂ ಹಾಡಿನೊಳಗೆ ಬಂದು ಸೇರಬಹುದು. ಅರ್ಥಿಂಗ್ ಸರಿಯಾದ ಮೇಲೆ ಕಂಪ್ಯೂಟರ್, ಸ್ಪೀಕರ್ ಎರಡನ್ನೂ ಒಂದೇ ಬೋರ್ಡ್‌ಗೆ ಸಿಕ್ಕಿಸಿ.