ಅಡಿಕೆ ಮರ ಹತ್ತಿದ ಕೈಗೆ ಬೇವು ಹೊಸದು

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನವನು. ಎಂಟು ವರ್ಷದಿಂದ ಅಡಿಕೆ ಕೊನೆ ಇಳಿಸುತ್ತಿದ್ದೇನೆ. ದಾವಣಗೆರೆಯಲ್ಲಿ ಮನೆಯ ಮೇಲೆ ಬಾಗಿದ ಕೊಂಬೆ ತೆಗೆಯುವವರನ್ನು ಜನ ಹುಡುಕುತ್ತಾರೆ. ಒಂದು ಚೈನ್ ಸಾ (ಯಂತ್ರದ ಗರಗಸ) ಕೊಂಡು ಈ ಕಸುಬು ಶುರು ಮಾಡಲೇ? ತರಬೇತಿ ಎಲ್ಲಿ ಸಿಗುತ್ತದೆ?

ಉತ್ತರ: ಚೈನ್ ಸಾ ಈಗಲೇ ಕೊಳ್ಳಬೇಡಿ. ನಿಮ್ಮ ಹತ್ತಿರ ಈಗಾಗಲೇ ಇರುವ ಬಂಡವಾಳ ದೊಡ್ಡದು: ಎತ್ತರದ ಅಂಜಿಕೆ ಇಲ್ಲ. ಆದರೆ ಅಡಿಕೆಯದು ಒಂಟಿ ಕಾಂಡ, ಅದಕ್ಕೆ ಕೊಂಬೆಯೇ ಇಲ್ಲ. ಬೇವು, ಹುಣಸೆ, ಮಳೆಮರದಲ್ಲಿ ಪ್ರತಿ ಕೊಂಬೆಯೂ ತನ್ನ ಭಾರವನ್ನು ಒಂದು ಕಡೆಗೆ ಚಾಚಿ ನಿಂತಿರುತ್ತದೆ. ಕತ್ತರಿಸಿದ ಕ್ಷಣ ತುದಿ ಎತ್ತ ಬೀಳುತ್ತದೆ, ಬುಡ ಎತ್ತ ಚಿಮ್ಮುತ್ತದೆ ಎಂದು ಮೊದಲೇ ಕಾಣಬೇಕು. ಹುಣಸೆ ಬಾಗಿ ತಡೆಯುತ್ತದೆ. ನುಗ್ಗೆ, ಗುಲ್‌ಮೊಹರ್ ಸದ್ದಿಲ್ಲದೆ ಮುರಿದು ಕೈಕೊಡುತ್ತವೆ.

ಈ ಕಸುಬಿನ ತಿರುಳು ಹತ್ತುವುದರಲ್ಲಿಲ್ಲ, ಎಲ್ಲಿ ಕತ್ತರಿಸಬೇಕೆಂಬ ತಿಳಿವಿನಲ್ಲಿದೆ. ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ. ಗಾಯವಾದ ಭಾಗದ ಸುತ್ತ ಮರ ಒಳಗೇ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ, ಮೇಲೆ ಹೊಸ ತೊಗಟೆ ಬೆಳೆಸಿ ಮುಚ್ಚುತ್ತದೆ. ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ 1970ರ ದಶಕದಲ್ಲಿ ಇದನ್ನು ವಿವರಿಸಿದರು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಡಿಸಿದಂಥ ಒಂದು ಉಬ್ಬು ಇರುತ್ತದೆ. ಗಾಯ ಮುಚ್ಚುವ ಶಕ್ತಿ ಇರುವುದು ಅಲ್ಲಿಯೇ. ಅದನ್ನು ಉಳಿಸಿ, ಅದರ ಹೊರಗೆ ಕತ್ತರಿಸಬೇಕು. ನಮ್ಮ ಹಿತ್ತಲ ಬೇವಿನ ಕೊಂಬೆಯೊಂದನ್ನು ನಾನು ಚೊಕ್ಕಟವಾಗಿ ಕಾಣಲೆಂದು ಕಾಂಡಕ್ಕೆ ಸಮನಾಗಿ ಕೊಯ್ದಿದ್ದೆ. ಕೆಲವು ವರ್ಷಗಳಲ್ಲಿ ಅಲ್ಲಿ ಮುಷ್ಟಿ ಹಿಡಿಸುವಷ್ಟು ಪೊಟರೆ ಬಿತ್ತು. ಆ ಮರದ ಮುಂದೆ ನಿಂತಾಗ ಇಂದಿಗೂ ಮನಸ್ಸು ನೋಯುತ್ತದೆ.

ದಪ್ಪ ಕೊಂಬೆಗೆ ಮೂರು ಕೊಯ್ತ ಬೇಕು. ಕಾಂಡದಿಂದ ಸುಮಾರು ಒಂದು ಅಡಿ ಆಚೆ, ಕೆಳಗಿನಿಂದ ಮೇಲಕ್ಕೆ ಕಾಲುಭಾಗ ಕೊಯ್ಯಿರಿ. ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಕಳಚಿ ಬೀಳುತ್ತದೆ. ಕೆಳಗಿನ ಕೊಯ್ತ ತೊಗಟೆ ಸಿಗಿದು ಕಾಂಡಕ್ಕೆ ಇಳಿಯದಂತೆ ತಡೆಯುತ್ತದೆ. ಉಳಿದ ಮೋಟನ್ನು ಕೊನೆಗೆ ಉಬ್ಬಿನ ಹೊರಗೆ ತೆಗೆಯಿರಿ. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ. ಮರದ ತಲೆಯನ್ನೇ ಬೋಳಿಸಿ ಕೊಡಿ ಎಂದು ಮನೆಯವರು ಕೇಳುತ್ತಾರೆ. ಒಪ್ಪಬೇಡಿ. ಬೋಳಿಸಿದಲ್ಲಿ ಚಿಗುರುವ ಕೊಂಬೆಗಳಿಗೆ ಗಟ್ಟಿ ಬುಡವಿರುವುದಿಲ್ಲ, ಮುಂದೊಂದು ಬಿರುಗಾಳಿ ಮಳೆಗೆ ಅವೇ ಮೊದಲು ಮುರಿಯುತ್ತವೆ.

ಇನ್ನು ತರಬೇತಿ. ಅದನ್ನು ನೀವು ಬೇರೆ ಬೇರೆ ಕಡೆಯಿಂದ ಕೂಡಿಸಿಕೊಳ್ಳಬೇಕು. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಅಥವಾ ಹಿರಿಯೂರಿನ ಬಬ್ಬೂರು ಫಾರಂನ ಕೇಂದ್ರಕ್ಕೆ ಹೋಗಿ, ಹಣ್ಣಿನ ಗಿಡಗಳ ಸವರುವಿಕೆಯನ್ನು ಕೈಯಾರೆ ಕಲಿಸುವಂತೆ ಕೇಳಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ಎಂಬ ಮರ ಹತ್ತುವ ತರಬೇತಿಯ ಬಗ್ಗೆಯೂ ವಿಚಾರಿಸಿ. ಹಗ್ಗ, ಗಂಟು, ಹಾರ್ನೆಸ್ (ಸೊಂಟ, ತೊಡೆಗೆ ಬಿಗಿಯುವ ಸುರಕ್ಷಾ ಪಟ್ಟಿ) ಬಳಕೆ ಕಲಿಯಲು ಬಂಡೆ ಹತ್ತುವ ಶಿಬಿರ ಒಳ್ಳೆಯದು. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಅಂಥ ಶಿಬಿರಗಳನ್ನು ನಡೆಸುತ್ತದೆ. ಒಂದು ವ್ಯತ್ಯಾಸ ನೆನಪಿಡಿ: ಬಂಡೆ ಹತ್ತುವ ಹಗ್ಗ ಭಾರಕ್ಕೆ ಹಿಗ್ಗುತ್ತದೆ, ಮರದ ಮೇಲೆ ತೂಗಿ ಕೆಲಸ ಮಾಡಲು ಹಿಗ್ಗದ ಹಗ್ಗ ಬೇಕು. ಮೇಲೆ ಗರಗಸ ಹಿಡಿದಾಗಲೆಲ್ಲ ಎರಡು ಆಧಾರ ಇರಲಿ. ಒಂದು ಹಗ್ಗ ಆಕಸ್ಮಿಕವಾಗಿ ಕೊಯ್ದುಹೋದರೆ ಇನ್ನೊಂದು ನಿಮ್ಮನ್ನು ಹಿಡಿದಿರುತ್ತದೆ.

ಮೊದಲ ವರ್ಷ ಅನುಭವಸ್ಥರ ಕೈಕೆಳಗೆ ನೆಲದ ಮೇಲೆಯೇ ದುಡಿಯಿರಿ: ಹಗ್ಗ ಹಿಡಿಯುವುದು, ಕೊಂಬೆ ಇಳಿಸುವುದು, ದಾರಿಹೋಕರನ್ನು ತಡೆಯುವುದು. ಆಮೇಲೆ ಕೈಗರಗಸದೊಂದಿಗೆ ಮೇಲೆ ಹೋಗಿ. ಚೈನ್ ಸಾ ಹಿಡಿಯುವುದು ಎಲ್ಲಕ್ಕಿಂತ ಕೊನೆಗೆ. ಅದರ ಸರಪಳಿ ಸುತ್ತುವ ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಎಗರುತ್ತದೆ. ಒಂದೇ ಕೈಯಲ್ಲಿ ಎಂದೂ ಹಿಡಿಯಬಾರದು.

ವಿದ್ಯುತ್ ತಂತಿಯ ಬಳಿಯ ಕೊಂಬೆ ಬೆಸ್ಕಾಂನವರ ಕೆಲಸ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಮರ ಕಡಿಯುವ ಮಾತು ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಖಾಸಗಿ ಜಾಗದಲ್ಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿಯಂಥ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. ರಸ್ತೆ ಬದಿಯ ಮರವಾದರೆ ಕೊಂಬೆಗೂ ಕೇಳಿಯೇ ಕೈ ಹಾಕಿ. ವಿಮೆ ಇಲ್ಲದೆ ಒಂದು ದಿನವೂ ಹತ್ತಬೇಡಿ. ಬ್ಯಾಂಕ್ ಖಾತೆಯಿದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸಾವು ಸಂಭವಿಸಿದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಅಷ್ಟು ಸಾಲದು, ಆದರೆ ಅಲ್ಲಿಂದ ಆರಂಭಿಸಿ.

ಈ ವಾರವೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಊರಿನ ಯಾವುದಾದರೂ ಬೇವಿನ ಬಳಿ ಒಂದು ತುಂಡು ಸೀಮೆಸುಣ್ಣ ಹಿಡಿದು ಹೋಗಿ. ಕೈಗೆಟಕುವ ಹತ್ತು ಕೊಂಬೆಗಳಲ್ಲಿ ಆ ಉಬ್ಬು ಎಲ್ಲಿ ಮುಗಿಯುತ್ತದೆಂದು ಬೆರಳಿನಿಂದ ಸವರಿ ನೋಡಿ, ಅಲ್ಲಿ ಗೆರೆ ಎಳೆಯಿರಿ. ಹಿಂದೆ ಯಾರೋ ಕಡಿದ ಕೊಂಬೆಗಳ ಗುರುತುಗಳೂ ಅಲ್ಲೇ ಇರುತ್ತವೆ. ಯಾವುದು ಮುಚ್ಚಿದೆ, ಯಾವುದು ಕೊಳೆತಿದೆ ಎಂದು ನಿಮ್ಮ ಗೆರೆಗಳೊಂದಿಗೆ ಹೋಲಿಸಿ ನೋಡಿ.